ಒಲೆಯಿಲ್ಲದ ಹಸಿರುಮನೆ

ಹಸಿರುಮನೆಯೆಂದರೆ ಬೆಚ್ಚಗಿನ ಮನೆಯೆಂದೇ ನಾವು ತಿಳಿದಿದ್ದೆವು. ಕಳೆದ ಚಳಿಗಾಲದ ಒಂದು ಬೆಳಗಿನ ಜಾವ ಆ ತಿಳಿವಳಿಕೆಯು ಅರ್ಧ ಮಾತ್ರ ನಿಜವೆಂಬುದು ಗೊತ್ತಾಯಿತು. ನಮ್ಮ ಶಾಲೆಯ ಹಿತ್ತಿಲಿನಲ್ಲಿ ಬಿದಿರಿನ ಗಳಗಳನ್ನು ನೆಟ್ಟು, ಮೇಲೆ ಪಾಲಿಥೀನ್ ಹಾಳೆಯನ್ನು ಹೊದಿಸಿ, 12 ಅಡಿ ಉದ್ದ, 8 ಅಡಿ ಅಗಲ, 7 ಅಡಿ ಎತ್ತರದ ಪುಟ್ಟ ಮನೆಯೊಂದನ್ನು ಕಟ್ಟಿದುದು ನಿಮಗೆ ನೆನಪಿರಬೇಕು. ಬಿದಿರು ಹೊತ್ತವರೇ ನೀವು. ಜನವರಿಯ ಆ ದಿನ ಬೆಳಗ್ಗೆ 6 ಗಂಟೆಗೆ, ವಿಜ್ಞಾನದ ಅಧ್ಯಾಪಕರಿಂದ ಎರವಲು ಪಡೆದ ಎರಡು ಉಷ್ಣಮಾಪಕಗಳನ್ನು ಕೈದೀಪದ ಬೆಳಕಿನಲ್ಲಿ ನೋಡಿದೆವು. ಹೊರಗೆ ತೂಗುಹಾಕಿದ್ದು 7.5 ಡಿಗ್ರಿ ತೋರಿಸುತ್ತಿತ್ತು. ಒಳಗಿನದು 6 ಡಿಗ್ರಿ. ಉಷ್ಣಮಾಪಕವೇ ಕೆಟ್ಟಿರಬೇಕೆಂದು ಶಂಕಿಸಿ, ಎರಡನ್ನೂ ಅದಲುಬದಲು ಮಾಡಿ ಕಾಲು ಗಂಟೆ ಕಾದೆವು. ಒಳಗೆ ಹೋದುದು ಇಳಿಯಿತು, ಹೊರಗೆ ಬಂದುದು ಏರಿತು. ಬೆಚ್ಚಗಿರಲೆಂದು ಕಟ್ಟಿದ ಮನೆಯು ಬಯಲಿಗಿಂತ ತಣ್ಣಗಿತ್ತು!

ಇದು ನಗುವ ಮಾತಾಗಿರಲಿಲ್ಲ. ಒಳಗೆ ಮೇಜಿನ ಮೇಲೆ ತಟ್ಟೆಗಳಲ್ಲಿದ್ದ 41 ಬದನೆಯ ಸಸಿಗಳು ಎಂಟನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿ ಕೊಟ್ಟ ಬೀಜದಿಂದ ಹುಟ್ಟಿದುವು. ವಿಜಯಪುರದ ಕಡೆಯ ಒಂದು ಹಳ್ಳಿಯಲ್ಲಿ ಅವಳ ಆಯಿ ಹಿತ್ತಿಲಲ್ಲಿ ವರ್ಷವರ್ಷವೂ ಬೆಳೆದು, ಕಾಯಿಯೊಂದನ್ನು ಗಿಡದಲ್ಲೇ ಹಳದಿಯಾಗುವವರೆಗೆ ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಬಟ್ಟೆಯ ಗಂಟಿನಲ್ಲಿ ಇಟ್ಟ ಮುಳ್ಳುಬದನೆಯದು ಆ ಬೀಜ. (ಪುಣೆಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆ ಅಜ್ಜಿ, ಇಲ್ಲಿಗೆ ಬಂದ ಹೊಸದರಲ್ಲಿ ಈ ಒಂದು ಶಬ್ದದಿಂದ ನಾವು ಪಟ್ಟ ಪೇಚಾಟವನ್ನು ಬರೆದರೆ ಬೇರೊಂದು ಲೇಖನವಾದೀತು.) ಆಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಿತ್ತಿಲು ಪಾಳುಬಿದ್ದಿತ್ತು. ಗಂಟಿನಲ್ಲಿ ಉಳಿದಿದ್ದ ಬೀಜಗಳಲ್ಲಿ ಮುಕ್ಕಾಲು ಪಾಲನ್ನು ನಾವು ಆಗಲೇ ಬಿತ್ತಿಬಿಟ್ಟಿದ್ದೆವು. ಬೇಸಗೆಯ ಮೊದಲೇ ನಾಟಿಗೆ ಸಿದ್ಧವಾಗಲೆಂದು ಡಿಸೆಂಬರಿನಲ್ಲಿ ಸಸಿ ಮಾಡುವ ಉಪಾಯವನ್ನು ಹೇಳಿದವರೂ ನಾವೇ. ಅಂಥ ರಾತ್ರಿಗಳು ಒಂದರ ಮೇಲೊಂದು ಮೂರು ಬಂದುವು. ನಾಲ್ಕನೆಯ ದಿನ ಎಲೆಗಳು ಜೋತುಬಿದ್ದುವು. ವಾರದೊಳಗೆ ಕಾಂಡಗಳು ಬುಡದಲ್ಲಿ ಕಪ್ಪಾಗಿ 34 ಸಸಿಗಳು ಮಲಗಿಬಿಟ್ಟುವು. ಅವಳು ಏನೂ ಅನ್ನಲಿಲ್ಲ. "ಗಂಟಿನ್ಯಾಗ ಇನ್ನಾ ಒಂದೀಟು ಅದಾವ್ರಿ ಸರ" ಎಂದಷ್ಟೇ ಹೇಳಿದಳು. ಆ ಒಂದಿಷ್ಟನ್ನು ಮತ್ತೆ ಬಿತ್ತುವ ಮೊದಲು, ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಯುವುದು ನಮ್ಮ ಮೇಲೆ ಬಂದ ಹೊಣೆಯಾಯಿತು. ನಾವು ಕನ್ನಡ ಕಲಿಸುವವರು, ಸಂಧಿ ಸಮಾಸಗಳಲ್ಲಿ ಕಾಲ ಕಳೆದವರು. ಆದರೂ ಕೇಳಿ, ಓದಿ, ಅಳೆದು ನೋಡಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಹಗಲಿನ ಸಂಗತಿ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮನೆಯೊಳಗೆ ಬಿಸಿಲು ಬರುವುದು; ನೆಲ, ಗಿಡ, ಗೋಡೆಗಳು ಅದನ್ನು ಹೀರಿ ಕಾಯುವುವು; ಅವುಗಳಿಗೆ ತಾಗಿದ ಗಾಳಿಯೂ ಕಾಯುವುದು. ಬಯಲಿನಲ್ಲಾದರೆ ಕಾದ ಗಾಳಿ ಹಗುರಾಗಿ ಮೇಲೇರಿ ಹೋಗಿ, ಅದರ ಜಾಗಕ್ಕೆ ತಂಪುಗಾಳಿ ಬರುವುದು. ಮನೆಯೊಳಗೆ ಅದಕ್ಕೆ ಹೋಗಲು ದಾರಿಯಿಲ್ಲ. ಗಾಜು ಶಾಖದ ಕಿರಣಗಳನ್ನು ಹೊರಬಿಡದೆ ಹಿಡಿಯುವುದರಿಂದಲೇ ಒಳಗೆ ಕಾವೇರುವುದೆಂದು ಬಹುಕಾಲ ಹೇಳುತ್ತಿದ್ದರು. ಈಗಲೂ ಕೆಲವು ಪುಸ್ತಕಗಳಲ್ಲಿ ಹಾಗೆಯೇ ಇದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಆರ್. ಡಬ್ಲ್ಯೂ. ವುಡ್ ಎಂಬ ಪ್ರಾಧ್ಯಾಪಕರು 1909ರಲ್ಲಿ ಇದನ್ನು ಒರೆಗೆ ಹಚ್ಚಿದರು. ಕಪ್ಪು ರಟ್ಟಿನ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜಿನ ಮುಚ್ಚಳವನ್ನೂ ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಧಾರಾಳವಾಗಿ ಹೊರಬಿಡುವ ಕಲ್ಲುಪ್ಪಿನ ಫಲಕವನ್ನೂ ಹೊಂದಿಸಿ ಬಿಸಿಲಿಗಿಟ್ಟರು. ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಏರ್ಪಡಿಸಿದಾಗ ಎರಡೂ ಸುಮಾರು 55 ಡಿಗ್ರಿಗೆ ಏರಿದುವು. ನಡುವಣ ಅಂತರ ಒಂದು ಡಿಗ್ರಿಯೂ ಇರಲಿಲ್ಲ. ಹಗಲು ಹೊತ್ತಿನಲ್ಲಿ ಹಸಿರುಮನೆಯನ್ನು ಬಿಸಿಯಾಗಿಸುವುದರಲ್ಲಿ ಗಾಳಿಯನ್ನು ಕಟ್ಟಿಹಾಕುವುದೇ ದೊಡ್ಡ ಕೆಲಸವೆಂದು ಇದರಿಂದ ತಿಳಿಯಿತು.

ಹಗಲಿನ ಬಿಸಿಲಿಗಂತೂ ಪುಣೆಯಲ್ಲಿ ಬರವಿಲ್ಲ. ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಹಗಲು 10 ಗಂಟೆಗಿಂತ ಕಡಿಮೆಯಾದಾಗ, ಎಷ್ಟು ಬೆಚ್ಚಗಿಟ್ಟರೂ ಗಿಡಗಳ ಬೆಳವಣಿಗೆ ಬಹುಮಟ್ಟಿಗೆ ನಿಂತುಬಿಡುವುದು. ನಮ್ಮ ಊರಿನಲ್ಲಿ ವರ್ಷದ ಅತ್ಯಂತ ಚಿಕ್ಕ ಹಗಲು, ಎಂದರೆ ಡಿಸೆಂಬರ್ 22ರ ಸುಮಾರಿನದು, ಹೆಚ್ಚುಕಡಿಮೆ 11 ಗಂಟೆಯದು. ಆಕಾಶವೂ ಆಗ ನಿಚ್ಚಳವಾಗಿರುವುದು. ಮಧ್ಯಾಹ್ನ ನಮ್ಮ ಪುಟ್ಟ ಮನೆಯೊಳಗೆ 38 ಡಿಗ್ರಿ ಕಂಡುದುಂಟು. ಅಂದಮೇಲೆ ಗಿಡಗಳಿಗೆ ಇಲ್ಲಿ ಕಷ್ಟವಿರುವುದು ನಡುರಾತ್ರಿಯಿಂದ ಸೂರ್ಯೋದಯದವರೆಗಿನ ಆರೇಳು ಗಂಟೆಗಳಲ್ಲಿ. ಪುಣೆಯ ಚಳಿಯನ್ನು ಹಗುರವಾಗಿ ಎಣಿಸಬಾರದು. 1935ರ ಜನವರಿ 17ರಂದು ಇಲ್ಲಿ 1.7 ಡಿಗ್ರಿ ದಾಖಲಾಗಿದೆ. ಈಗಲೂ ಶಿವಾಜಿನಗರಕ್ಕಿಂತ ಪಾಷಾಣದ ಕಡೆ ಒಂದೆರಡು ಡಿಗ್ರಿ ಹೆಚ್ಚು ಚಳಿ ಇರುವುದನ್ನು ಅಲ್ಲಿಂದ ಬರುವ ವಿದ್ಯಾರ್ಥಿಗಳ ಸ್ವೆಟರುಗಳನ್ನು ನೋಡಿಯೇ ಹೇಳಬಹುದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಆರಂಭವಾದ ಗಾಜಿನ ಮನೆಯನ್ನು ಕೆಲವರಾದರೂ ನೋಡಿರುವಿರಿ. ಅದಕ್ಕೆ ಕಾವಿನ ಚಿಂತೆಯಿಲ್ಲ. ಅದು ಫಲಪುಷ್ಪ ಪ್ರದರ್ಶನದ ಚಪ್ಪರ. ನಮ್ಮದು ಬೇರೆ ಜಾತಿಯದು.

ಇನ್ನು ರಾತ್ರಿಯ ಸಂಗತಿಗೆ ಬರೋಣ. ನಿಮ್ಮಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಪತ್ರಾದ ಶೆಡ್ಡುಗಳಲ್ಲಿ ವಾಸಿಸಿದವರಿದ್ದೀರಿ. ಆ ಶೆಡ್ಡು ಮಧ್ಯಾಹ್ನ ಹಂಚಿನಂತೆ ಕಾಯುವುದು, ಬೆಳಗಿನ ಜಾವ ಕೌದಿಯ ಮೇಲೆ ಕೌದಿ ಹೊದ್ದರೂ ನಡುಗಿಸುವುದು. ಊರಿನ ಮಾಳಿಗೆಮನೆಯಲ್ಲಿ ಹಾಗಾಗದು. ಈ ಎರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಕಾದ ವಸ್ತುವೆಲ್ಲ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ತನ್ನ ಶಾಖವನ್ನು ಸದಾ ಸುತ್ತ ಚೆಲ್ಲುತ್ತಿರುವುದು. ಹಗಲು ಸೂರ್ಯನಿಂದ ಬರುವ ಆದಾಯದ ಮುಂದೆ ಈ ಖರ್ಚು ಲೆಕ್ಕಕ್ಕೆ ಬಾರದು. ರಾತ್ರಿ ಆದಾಯ ನಿಲ್ಲುವುದು, ಖರ್ಚು ನಿಲ್ಲದು. ಮೋಡವಿದ್ದರೆ ಅದು ಕೆಳಗಿನ ಶಾಖವನ್ನು ಹೀರಿ ಬಹುಪಾಲನ್ನು ಮರಳಿಸುವುದು. ಒಣಹವೆಯ, ನಕ್ಷತ್ರಗಳು ಮಿನುಗುವ ಆಕಾಶವಾದರೋ ಮರಳಿಸುವುದು ಕಡಿಮೆ. ಅಂಥ ರಾತ್ರಿಯಲ್ಲಿ ಒಂದೊಂದು ಚದರ ಮೀಟರ್ ನೆಲವೂ ಸುಮಾರು 60ರಿಂದ 100 ವ್ಯಾಟ್‌ನಷ್ಟು ಶಾಖವನ್ನು ಆಕಾಶಕ್ಕೆ ಕಳೆದುಕೊಳ್ಳುವುದು. ಹಳೆಯ ಕಾಲದ ಒಂದು ಬಲ್ಬು ಉರಿದಷ್ಟು. ನಂಬಿಕೆ ಬಾರದಿದ್ದರೆ ಒಂದು ಹಳೆಯ ಸಂಗತಿಯನ್ನು ಕೇಳಿರಿ. ಮಂಜುಗಡ್ಡೆಯ ಯಂತ್ರಗಳು ಇಲ್ಲದ ಕಾಲದಲ್ಲಿ ಅಲಾಹಾಬಾದಿನ ಸುತ್ತಮುತ್ತ ಜನರು ಬಯಲಿನಲ್ಲಿ ತಗ್ಗು ತೋಡಿ, ಒಣಹುಲ್ಲು ಹಾಸಿ, ಅದರ ಮೇಲೆ ಮಣ್ಣಿನ ಅಗಲವಾದ ತಟ್ಟೆಗಳಲ್ಲಿ ನೀರು ತುಂಬಿಟ್ಟು ರಾತ್ರಿ ಬಿಡುತ್ತಿದ್ದರು. ಸುತ್ತಲ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ನೀರು ಬೆಳಗಾಗುವುದರೊಳಗೆ ಗಡ್ಡೆಯಾಗುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಅಧಿಕಾರಿಯು 1775ರಲ್ಲಿ ಇದನ್ನು ವಿವರಿಸಿ ಬರೆದನು. ಕೆಳಗಿನ ನೆಲದ ಕಾವನ್ನು ಹುಲ್ಲು ತಡೆಯುವುದು, ಮೇಲಿನ ಆಕಾಶವು ನೀರಿನ ಕಾವನ್ನು ಸೆಳೆಯುವುದು. ಮೇಜಿನ ಮೇಲೆ ತಟ್ಟೆಗಳಲ್ಲಿ ಸಸಿಗಳನ್ನಿಟ್ಟು ನಾವು ಮಾಡಿದುದೂ ಹೆಚ್ಚುಕಡಿಮೆ ಇದೇ ಎಂದು ಓದುವಾಗ ನಾಚಿಕೆಯಾಯಿತು.

ಆದರೆ ಮೇಲೆ ಪ್ಲಾಸ್ಟಿಕ್ ಹಾಳೆ ಇತ್ತಲ್ಲ ಎಂದು ನೀವು ಕೇಳುವಿರಿ. ಗುಟ್ಟು ಇರುವುದು ಅಲ್ಲಿಯೇ. ಗಾಜು ಈ ಅವಕೆಂಪು ಕಿರಣಗಳನ್ನು ದಾಟಗೊಡದು. ಸಾಧಾರಣ ಪಾಲಿಥೀನ್ ಹಾಳೆಯು ಅವುಗಳ ಬಹುಪಾಲನ್ನು ದಾಟಗೊಡುವುದು. ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಂಡರೂ ಶಾಖದ ಕಣ್ಣಿಗೆ ಗಾಜು ಗೋಡೆ, ಪಾಲಿಥೀನ್ ತೆರೆದ ಕಿಟಕಿ. ಆದುದರಿಂದ ನಮ್ಮ ಸಸಿಗಳು ಮುಚ್ಚಿದ ಮನೆಯಲ್ಲಿದ್ದೂ ಆಕಾಶಕ್ಕೆ ಮೈಯೊಡ್ಡಿಕೊಂಡೇ ಇದ್ದುವು. ಅಷ್ಟೇ ಆಗಿದ್ದರೆ ಒಳಗೂ ಹೊರಗೂ ಒಂದೇ ಚಳಿ ಇರಬೇಕಾಗಿತ್ತು. ಹೊರಗಿನ ಗಿಡಕ್ಕೆ ಇನ್ನೊಂದು ಅನುಕೂಲವಿದೆ: ಅದು ತಣ್ಣಗಾದಂತೆಲ್ಲ, ಅಲುಗಾಡುವ ಗಾಳಿಯು ಮೇಲಿನಿಂದ ಸ್ವಲ್ಪ ಕಾವನ್ನು ತಂದು ಮುಟ್ಟಿಸುವುದು. ಒಳಗಿನ ಗಿಡಕ್ಕೆ ಆ ಗಾಳಿಯೂ ಇಲ್ಲ. ಅದನ್ನು ನಾವೇ ಕಟ್ಟಿಹಾಕಿರುವೆವು. ಹಗಲು ಉಪಕಾರ ಮಾಡಿದ ಹಾಳೆಯೇ ರಾತ್ರಿ ಅಪಕಾರ ಮಾಡಿತು.

ತಳೆಗಾಂವ್ ದಾಭಾಡೆಯ ಹೂವಿನ ಪಾಲಿಹೌಸುಗಳನ್ನು ನೋಡಲು ಒಂದು ರವಿವಾರ ನಾವು ಲೋಕಲ್ ಗಾಡಿಯಲ್ಲಿ ಹೋದೆವು. ಮಾವಳ ತಾಲೂಕಿನ ಆ ಭಾಗದಲ್ಲಿ ಗುಲಾಬಿ, ಜರ್ಬೇರಾ, ಕಾರ್ನೇಷನ್ ಹೂಗಳನ್ನು ಹೀಗೆ ಪ್ಲಾಸ್ಟಿಕ್ಕಿನ ದೊಡ್ಡ ಮನೆಗಳಲ್ಲಿ ಬೆಳೆಯುವರು. ಅಲ್ಲಿ ಒಲೆಯಿಲ್ಲ, ಹೀಟರಿಲ್ಲ. ಪಕ್ಕದ ಪರದೆಗಳನ್ನು ಹಗಲು ಸುತ್ತಿ ಮೇಲೆತ್ತುವುದು, ಸಂಜೆ ಇಳಿಬಿಡುವುದು, ಇಷ್ಟೇ ಉಪಾಯ. ಜನವರಿಯ ರಾತ್ರಿಗಳು ವಿಪರೀತ ತಂಪಾದರೆ ಮೊಗ್ಗು ಅರಳುವುದು ತಡವಾಗುವುದು. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಸಿದ್ಧವಾಗಬೇಕಾದ ಗುಲಾಬಿ ನಾಲ್ಕು ದಿನ ತಡವಾದರೆ ಬೆಲೆಯೇ ಇಲ್ಲ. ಒಂದು ಪಾಲಿಹೌಸಿನಲ್ಲಿ ನಮ್ಮ ಕಡೆಯ ಮಾತನ್ನಾಡುವ ಕೆಲಸಗಾರರೊಬ್ಬರು ಸಿಕ್ಕರು. ನಮ್ಮ ಸಸಿಗಳ ಕಥೆಯನ್ನು ಕೇಳಿ ಅವರು, "ಗಾಳಿ ಬಿಟ್ಟ ರಾತ್ರಿ ಅಂಜಿಕಿಲ್ಲರಿ ಸರ. ಗಾಳಿ ನಿಂತು, ಚಿಕ್ಕಿ ನಿಚ್ಚಳ ಕಂಡ ರಾತ್ರಿ ನೋಡ್ರಿ, ಆವತ್ತ ಥಂಡಿ ಬಡೀತೈತಿ" ಎಂದರು. ನಾವು ನಾಲ್ಕು ಪುಸ್ತಕಗಳನ್ನು ಓದಿ ತಿಳಿದುದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ, ಪರದೆ ಇಳಿಸಲು ಹೋದರು.

ಮೇಜಿನ ಮೇಲೆ ಇಟ್ಟುದು ನಮ್ಮ ಎರಡನೆಯ ತಪ್ಪು. ನೆಲ ತಣ್ಣಗಿರುವುದು, ಎತ್ತರದಲ್ಲಿಟ್ಟರೆ ಒಳ್ಳೆಯದೆಂದು ನಾವು ಎಣಿಸಿದ್ದೆವು. ಈ ಎಣಿಕೆಯನ್ನು ಸುಳ್ಳುಮಾಡಿದ ಶೋಧವು ಇದೇ ಪುಣೆಯಲ್ಲಿ ನಡೆಯಿತೆಂಬುದು ಸಂತೋಷದ ಸಂಗತಿ. ಶಿವಾಜಿನಗರದಲ್ಲಿ ಬಸ್ಸಿನ ಕಂಡಕ್ಟರು 'ಸಿಮ್ಲಾ ಆಫೀಸ್' ಎಂದು ಕೂಗುವ ನಿಲ್ದಾಣವನ್ನು ನೀವೆಲ್ಲ ಬಲ್ಲಿರಿ. ಗಡಿಯಾರದ ಗೋಪುರವಿರುವ ಆ ಕಟ್ಟಡವು ಭಾರತದ ಹವಾಮಾನ ಇಲಾಖೆಯದು. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿಯು ಸಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಜನರು ಆ ಹೆಸರಿಟ್ಟರು. 1944ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಹೆಸರು ಉಳಿಯಿತು. 1932ರಲ್ಲಿ ಇಲ್ಲಿ ಕೃಷಿ ಹವಾಮಾನದ ವಿಭಾಗವು ಆರಂಭವಾದಾಗ ಅದರ ಮುಖ್ಯಸ್ಥರಾದವರು ಸಿ. ವಿ. ರಾಮನ್ನರ ಶಿಷ್ಯರಾದ ಎಲ್. ಎ. ರಾಮದಾಸ್. ಅವರೂ ಎಸ್. ಆತ್ಮನಾಥನ್ನರೂ ಗಾಳಿಯಿಲ್ಲದ ನಿಚ್ಚಳ ರಾತ್ರಿಗಳಲ್ಲಿ ಬರಿಯ ನೆಲದ ಮೇಲೆ ಬೇರೆ ಬೇರೆ ಎತ್ತರದಲ್ಲಿ ಉಷ್ಣಮಾನವನ್ನು ಅಳೆದರು. ಅತ್ಯಂತ ತಂಪು ಇರಬೇಕಾದುದು ನೆಲದ ಮೈಯಲ್ಲಿ ಎಂಬುದು ಜಗತ್ತಿನ ವಿಜ್ಞಾನಿಗಳೆಲ್ಲರ ಮತವಾಗಿತ್ತು. ಪುಣೆಯ ಉಷ್ಣಮಾಪಕಗಳು ಬೇರೆಯೇ ಹೇಳಿದುವು: ಅತ್ಯಂತ ತಂಪು ನೆಲದಿಂದ ಒಂದು ಗೇಣು, ಒಂದು ಮೊಳ ಮೇಲಿನ ಗಾಳಿಯಲ್ಲಿತ್ತು, ನೆಲವು ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗಿತ್ತು.

1932ರಲ್ಲಿ ಇದು ಪ್ರಕಟವಾದಾಗ ಅಳತೆಯ ದೋಷವೆಂದು ಶಂಕಿಸಿದವರೇ ಹೆಚ್ಚು. ಜರ್ಮನಿಯ ಕ್ಲಾಸ್ ರಾಶ್ಕೆ ಎಂಬ ವಿಜ್ಞಾನಿ ಪುಣೆಗೇ ಬಂದು ಬಹು ಸೂಕ್ಷ್ಮವಾಗಿ ಅಳೆದು 1957ರಲ್ಲಿ ಅದು ನಿಜವೆಂದು ಪ್ರಕಟಿಸಿದ ಮೇಲೆ ಬಾಯಿಗಳು ಮುಚ್ಚಿದುವು. ಹೀಗೇಕೆ ಆಗುವುದೆಂಬುದನ್ನು ಗಣಿತದಿಂದ ವಿವರಿಸಲು 1993ರಲ್ಲಿ ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು ಒಂದು ಸಿದ್ಧಾಂತವನ್ನು ಮಂಡಿಸಿದರು. ಈ ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತ, ಅದೇ ಶಾಸ್ತ್ರವನ್ನು ಕನ್ನಡದಲ್ಲಿ ಬರೆದವರು. ಕನ್ನಡದಲ್ಲಿ ವಿಜ್ಞಾನ ಓದಿ ಏನು ಪ್ರಯೋಜನವೆಂದು ನಿಮ್ಮನ್ನು ಕೇಳುವವರಿಗೆ ಈ ತಂದೆಮಕ್ಕಳ ಹೆಸರು ಹೇಳಬಹುದು. ಆ ಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು, ನೆಲದ ಸಮೀಪದ ಗಾಳಿಯಲ್ಲಿ ತೇಲುವ ಸೂಕ್ಷ್ಮಕಣಗಳು ಶಾಖವನ್ನು ಚೆಲ್ಲುವುದೇ ಇದರ ಕಾರಣವೆಂದು ತೋರಿಸುತ್ತ ಬಂದಿದ್ದಾರೆ. ಆ ಪದರಕ್ಕೆ ಇಂದು ಜಗತ್ತಿನಲ್ಲೆಲ್ಲ 'ರಾಮದಾಸ್ ಪದರ' ಎಂಬ ಹೆಸರಿದೆ. ಹಸಿರುಮನೆಯೊಳಗೂ ಅದು ಹಾಗೆಯೇ ಇರುವುದೆಂದು ನಾವು ಹೇಳುವುದಿಲ್ಲ. ಅದನ್ನು ಕಂಡುದು ಬಯಲಿನಲ್ಲಿ. ಆದರೆ ನೆಲವು ರಾತ್ರಿಯಲ್ಲಿ ಶಾಖದ ಬೊಕ್ಕಸವೆಂಬುದನ್ನೂ, ಅದರಿಂದ ಎತ್ತಿ ಮೇಜಿನ ಮೇಲಿಟ್ಟ ತಟ್ಟೆಯ ಬೊಗಸೆಮಣ್ಣು ಅನಾಥವಾಗುವುದೆಂಬುದನ್ನೂ ಅದು ನಮಗೆ ಕಲಿಸಿತು.

ಬೊಕ್ಕಸದ ಲೆಕ್ಕವನ್ನು ಸ್ವಲ್ಪ ಮಾಡೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಒಂದು ಕಿಲೋಕ್ಯಾಲರಿ ಶಾಖವನ್ನು ಬಿಟ್ಟುಕೊಡುವುದು. ನಮ್ಮ ಮನೆಯೊಳಗಿನ ಗಾಳಿಯ ಗಾತ್ರ ಸುಮಾರು 19 ಘನಮೀಟರ್. ಆ ಗಾಳಿಯೆಲ್ಲ ಕೂಡಿ ಒಂದು ಡಿಗ್ರಿ ತಣ್ಣಗಾದಾಗ ಬಿಡುವ ಶಾಖವಾದರೋ ಕೇವಲ ಐದಾರು ಕಿಲೋಕ್ಯಾಲರಿ. ಅಂದರೆ ಮನೆ ತುಂಬಿದ ಗಾಳಿಯು ಅರ್ಧ ಕೊಡ ನೀರಿಗೆ ಸಮ! ಮಧ್ಯಾಹ್ನ 38 ಡಿಗ್ರಿ ಕಂಡು ನಾವು ಹಿಗ್ಗಿದುದು ಈ ಬಡಗಾಳಿಯನ್ನು ನಂಬಿ. ಸೂರ್ಯ ಮುಳುಗಿದ ಒಂದು ಗಂಟೆಯಲ್ಲಿ ಅದು ಬರಿಗೈ. ಪತ್ರಾದ ಶೆಡ್ಡಿನ ಗತಿಯೂ ಇದೇ. ಮಾಳಿಗೆಮನೆಯಲ್ಲಿ ಎರಡು ಮೊಳ ದಪ್ಪದ ಗೋಡೆಯೂ ತಲೆಯ ಮೇಲೆ ಮಣ್ಣೂ ಇರುವುದರಿಂದ ಹಗಲಿನ ಕಾವು ಅವುಗಳೊಳಗೆ ಮೆಲ್ಲಗೆ ಇಳಿದು, ರಾತ್ರಿ ಮೆಲ್ಲಗೆ ಹೊರಬರುವುದು. ಜೋಳವನ್ನು ತುಂಬಿಡುತ್ತಿದ್ದ ಹಗೇವು ಇನ್ನೂ ಒಳ್ಳೆಯ ಉದಾಹರಣೆ. ಹತ್ತು ಅಡಿ ಕೆಳಗಿನ ಮಣ್ಣಿಗೆ ಬೇಸಗೆ ಚಳಿಗಾಲಗಳ ಸುದ್ದಿಯೇ ಮುಟ್ಟದು. ಅದು ಆ ಊರಿನ ವರ್ಷದ ಸರಾಸರಿ ಉಷ್ಣಮಾನದ ಆಸುಪಾಸಿನಲ್ಲಿಯೇ ಇರುವುದು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಎತ್ತರದ ಬಯಲಿನಲ್ಲಿ ನೆಲವನ್ನೇ ತೋಡಿ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ತರಕಾರಿ ಬೆಳೆಯುವರು. ವಾಲಿಪಿನಿ ಎಂದು ಅದರ ಹೆಸರು. ನಮ್ಮ ಹಗೇವಿನ ದಾಯಾದಿ ಎನ್ನಬಹುದು.

ಆದುದರಿಂದ ಎರಡನೆಯ ಸಲ ಮನೆಯನ್ನು ಬಯಲಿನ ನಡುವಿನಿಂದ ಕಿತ್ತು ಶಾಲೆಯ ಉತ್ತರದ ಆವರಣಗೋಡೆಗೆ ಆನಿಸಿ ಕಟ್ಟಿದೆವು. ಆ ಗೋಡೆಯು ದಖ್ಖನಿನ ಕರಿಕಲ್ಲಿನದು. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯನು ದಕ್ಷಿಣ ದಿಕ್ಕಿನಲ್ಲಿ ಸುಮಾರು 48 ಡಿಗ್ರಿ ಎತ್ತರದಲ್ಲಿ ಮಾತ್ರ ಇರುವನು. ಓರೆಯಾದ ಆ ಬಿಸಿಲು ಗೋಡೆಯ ಎದೆಗೇ ಬೀಳುವುದು. ಸುಣ್ಣ ಬಳಿಸುವ ವಿಚಾರವಿತ್ತು. ಕರಿಕಲ್ಲು ಕರಿದಾಗಿಯೇ ಇರಲೆಂದು ಮುಖ್ಯಾಧ್ಯಾಪಕರನ್ನು ಬೇಡಿಕೊಂಡೆವು. ಚೀನದ ಶಾಂಡೊಂಗ್ ಪ್ರಾಂತದ ರೈತರು ಉತ್ತರಕ್ಕೆ ದಪ್ಪನಾದ ಮಣ್ಣಿನ ಗೋಡೆಯನ್ನು ಎಬ್ಬಿಸಿ, ದಕ್ಷಿಣಕ್ಕೆ ಪ್ಲಾಸ್ಟಿಕ್ ಇಳಿಬಿಟ್ಟು, ರಾತ್ರಿ ಅದರ ಮೇಲೆ ಚಾಪೆಯಂಥ ಹೊದಿಕೆಯನ್ನು ಉರುಳಿಸಿ, ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಒಲೆಯಿಲ್ಲದೆ ಸವತೆ, ಟೊಮೆಟೊ ಬೆಳೆಯುವರು. ನಮ್ಮದೇ ಲದಾಖಿನಲ್ಲಿ, ಚಳಿಗಾಲದ ಉಷ್ಣಮಾನವು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವಲ್ಲಿ, ಮೂರು ಕಡೆ ಮಣ್ಣಿನ ಇಟ್ಟಿಗೆಯ ಗೋಡೆ, ದಕ್ಷಿಣಕ್ಕೆ ಮಾತ್ರ ಹಾಳೆ ಇರುವ ಮನೆಗಳಲ್ಲಿ ಪಾಲಕ ಮುಂತಾದ ಸೊಪ್ಪು ಬರುವುದು. ಅವರ ಮುಂದೆ ನಮ್ಮ 6 ಡಿಗ್ರಿಯ ಗೋಳು ಸಣ್ಣದು.

ಗೋಡೆಯ ಬುಡದಲ್ಲಿ ಒಂದೂವರೆ ಅಡಿ ತಗ್ಗು ತೆಗೆದೆವು. ಅದಕ್ಕಿಂತ ಕೆಳಗೆ ಮುರುಮು ಸಿಕ್ಕಿ ಗುದ್ದಲಿ ಸೋತಿತು. ಗೋಡೆಗುಂಟ 15 ಲೀಟರಿನ ಎಣ್ಣೆಯ ಡಬ್ಬಿಗಳನ್ನು ಹೊರಮೈಗೆ ಕಪ್ಪು ಬಳಿದು, ನೀರು ತುಂಬಿ, 15 ಡಬ್ಬಿ ಜೋಡಿಸಿದೆವು. ಒಂದೇ ಗಾತ್ರದ ಕಲ್ಲಿಗಿಂತ ನೀರು ಹೆಚ್ಚುಕಡಿಮೆ ಎರಡರಷ್ಟು ಶಾಖವನ್ನು ಹಿಡಿಯುವುದು. 225 ಲೀಟರ್ ನೀರು ರಾತ್ರಿಯಲ್ಲಿ 26 ಡಿಗ್ರಿಯಿಂದ 16ಕ್ಕೆ ಇಳಿದರೆ 2250 ಕಿಲೋಕ್ಯಾಲರಿ, ಎಂದರೆ ಸುಮಾರು 2.6 ಯೂನಿಟ್ ವಿದ್ಯುತ್ತಿನಷ್ಟು ಶಾಖ ದೊರೆಯುವುದು. ಇಷ್ಟಾದರೂ ತೆಳುವಾದ ಒಂದೇ ಹಾಳೆಯ ಮನೆಯಲ್ಲಿ ಇದು 12 ಗಂಟೆಗಳ ಕಾಲ ಒಂದೂವರೆ ಡಿಗ್ರಿಯ ರಕ್ಷಣೆಗೆ ಮಾತ್ರ ಸಾಕಾಗುವುದೆಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ತೂತುಗಡಿಗೆಗೆ ನೀರು ಹೊಯ್ಯುವುದಕ್ಕಿಂತ ತೂತನ್ನು ಮುಚ್ಚುವುದು ಮೇಲು.

ತೂತನ್ನು ಮುಚ್ಚುವ ಕೆಲಸವೇ ಎಲ್ಲಕ್ಕಿಂತ ಅಗ್ಗವೂ ಹೆಚ್ಚು ಫಲಕಾರಿಯೂ ಆಯಿತು. ಕಿರಾಣಿ ಅಂಗಡಿಗಳಿಂದ ಬೇಡಿ ತಂದ ಗೋಣಿಚೀಲಗಳನ್ನು ಬಿಚ್ಚಿ, ಅಂಚಿಗೆ ಅಂಚು ಹೊಲಿದು, ಕೌದಿಯಂಥ ದೊಡ್ಡ ಹೊದಿಕೆಯನ್ನು ಮಾಡಿದೆವು. ಕೌದಿ ಹೊಲಿದ ಕೈಗಳು ನಿಮ್ಮ ತಾಯಂದಿರವು. ಅವರಿಗೆ ನಮ್ಮ ಕೃತಜ್ಞತೆಗಳು. ಸಂಜೆ ಅದನ್ನು ಹಾಳೆಯ ಮೇಲೆ ಹೊದಿಸಿದರೆ ಸಸಿಗಳ ಕಣ್ಣಿಗೆ ಆಕಾಶ ಮರೆಯಾಗುವುದು. ಇದಲ್ಲದೆ ಒಳಗೆ ಸಸಿಮಡಿಯ ಮೇಲೆ ಬಿದಿರಿನ ಸೀಳುಗಳನ್ನು ಬಿಲ್ಲಿನಂತೆ ಬಾಗಿಸಿ, ಹಳೆಯ ಪಂಚೆಗಳನ್ನು ರಾತ್ರಿ ಹೊದಿಸಿದೆವು: ಮನೆಯೊಳಗೊಂದು ಮನೆ. ಅಮೆರಿಕದ ಮೇನ್ ಸಂಸ್ಥಾನದ ಹಿಮದ ನಾಡಿನಲ್ಲಿ ಎಲಿಯಟ್ ಕೋಲ್ಮನ್ ಎಂಬ ರೈತರು ಈ ಎರಡು ಹೊದಿಕೆಯ ಉಪಾಯದಿಂದ ಒಲೆಯಿಲ್ಲದೆ ಚಳಿಗಾಲವಿಡೀ ಸೊಪ್ಪು ಕೊಯ್ದು ಹೆಸರಾದರು. ಒಂದೊಂದು ಹೊದಿಕೆಯೂ ತೋಟವನ್ನು 500 ಮೈಲಿ ದಕ್ಷಿಣಕ್ಕೆ ಸರಿಸಿದಂತೆ ಎಂಬುದು ಅವರ ಲೆಕ್ಕ.

ಬೆಚ್ಚಗಿಡುವುದನ್ನು ಕಲಿತವರು ಅದರಲ್ಲಿಯೇ ಮಿತಿಮೀರುವುದೂ ಉಂಟು. ಮೊದಲ ವಾರ ನಾವು ಬಾಗಿಲನ್ನೇ ತೆರೆಯಲಿಲ್ಲ. ಹಾಳೆಯ ಒಳಮೈ ಬೆವರಿ ತೊಟ್ಟಿಕ್ಕಿತು, ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿತು. ಮೊದಲ ಸಸಿಗಳನ್ನು ಚಳಿಯು ಕುಗ್ಗಿಸಿತು ನಿಜ. ಮಲಗಿಸಿದುದು ಒದ್ದೆ ತಟ್ಟೆಯಲ್ಲಿ ಬೆಳೆದ ಬುಡಕೊಳೆಯ ಬೂಷ್ಟು. ಆದುದರಿಂದ ಬೆಳಗ್ಗೆ ಬಿಸಿಲು ಬಿದ್ದೊಡನೆ ಗೋಣಿಯನ್ನು ತೆಗೆಯಬೇಕು. 10 ಗಂಟೆಗೆ ಎರಡೂ ತುದಿಗಳನ್ನು ತೆರೆದು ಗಾಳಿಯಾಡಿಸಬೇಕು. ಒಳಗೆ 30 ಡಿಗ್ರಿಯ ಮೇಲೆ ಏರಗೊಡಬಾರದು. ಟೊಮೆಟೊ ಹೂಗಳು 35 ದಾಟಿದರೂ ಉದುರುವುವು, ರಾತ್ರಿ 13ರ ಕೆಳಗಿಳಿದರೂ ಕಾಯಿ ಕಚ್ಚವು. ಮೂರೂವರೆಗೆ, ಸೂರ್ಯ ಇನ್ನೂ ಎತ್ತರದಲ್ಲಿರುವಾಗಲೇ, ಮುಚ್ಚಬೇಕು. ಚಳಿ ಬಿದ್ದಮೇಲೆ ಮುಚ್ಚಿದರೆ ಚಳಿಯನ್ನೇ ಒಳಗೆ ಕೂಡಿಹಾಕಿದಂತೆ. ನೀರನ್ನು ಬೆಳಗ್ಗೆ ಮಣ್ಣಿಗೆ ಮಾತ್ರ ಉಣಿಸಬೇಕು. ಹದವಾಗಿ ಹಸಿಯಾದ ಮಣ್ಣು ಒಣಮಣ್ಣಿಗಿಂತ ಹೆಚ್ಚು ಕಾವನ್ನು ಹಿಡಿದು ಆಳಕ್ಕೆ ಒಯ್ಯುವುದು. ರಾತ್ರಿ ಎಲೆ ಒದ್ದೆಯಾಗಿದ್ದರೆ ಬೂಷ್ಟಿಗೆ ಹಬ್ಬ. ಮೆಂತ್ಯ, ಪಾಲಕ, ಕೊತ್ತಂಬರಿ, ಬಟಾಣಿಗಳಿಗೆ ಈ ಉಪಚಾರ ಯಾವುದೂ ಬೇಡ. ಪುಣೆಯ ಚಳಿ ಅವುಗಳಿಗೆ ಸುಖವೇ. ಹಸಿರುಮನೆಯ ಜಾಗವನ್ನು ಬದನೆ, ಮೆಣಸಿನಕಾಯಿ, ಟೊಮೆಟೊಗಳಂಥ ಚಳಿಯಂಜುಗುಳಿ ಸಸಿಗಳಿಗೆ ಮೀಸಲಿಡಬೇಕು.

ಗಂಟಿನಲ್ಲಿ ಉಳಿದಿದ್ದ 28 ಬೀಜಗಳನ್ನು ಸಂಕ್ರಾಂತಿಯ ಮರುದಿನ, ಈ ಸಲ ನೆಲದ ಮಡಿಯಲ್ಲಿಯೇ ಬಿತ್ತಿದಳು, ನಮ್ಮನ್ನು ಬಿತ್ತಗೊಡಲಿಲ್ಲ. ಆ ತಿಂಗಳ ಕೊನೆಯಲ್ಲಿ ಮತ್ತೆ ಚಿಕ್ಕಿ ನಿಚ್ಚಳ ಕಾಣುವ ರಾತ್ರಿಗಳು ಬಂದುವು. ಒಂದು ಬೆಳಗ್ಗೆ ಹೊರಗೆ 8 ಡಿಗ್ರಿ ಇದ್ದಾಗ ಮಡಿಯ ಮೇಲಿನ ಉಷ್ಣಮಾಪಕವು 12.5 ತೋರಿಸಿತು. ಆ ಅಂಕಿಯನ್ನು ವಹಿಯಲ್ಲಿ ಬರೆದವನು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಮೊಳೆತುದು 23, ನಾಟಿಗೆ ಬಂದುದು 21. ಮೊದಲ ಸರದಿಯಲ್ಲಿ ಬದುಕಿ ಉಳಿದ 7 ಬೇರೆ. ಅರ್ಧ ಸಸಿಗಳನ್ನು ಶಾಲೆಯ ಹಿತ್ತಿಲಲ್ಲಿಯೂ ಅರ್ಧವನ್ನು ಅವಳ ತಂದೆ ಕೆಲಸ ಮಾಡುವ ಕಟ್ಟಡದ ಬದಿಯ ಖಾಲಿ ಜಾಗದಲ್ಲಿಯೂ ನೆಟ್ಟೆವು. ಬೇಸಗೆಯ ರಜೆಯಲ್ಲಿ ಕಾಯಿ ಬಂತು. ಮೈಯೆಲ್ಲ ಹಸಿರು ಗೆರೆ, ತೊಟ್ಟಿನ ಮೇಲೆ ಬೆರಳಿಗೆ ಚುಚ್ಚುವ ಮುಳ್ಳು, ಎಣ್ಣೆಗಾಯಿಗೆ ಹೇಳಿಮಾಡಿಸಿದ್ದು. ಎರಡು ಕಾಯಿಗಳನ್ನು ಗಿಡದಲ್ಲೇ ಹಳದಿಯಾಗಲು ಬಿಟ್ಟಿದ್ದಳು. ಒಂದರ ಬೀಜ ಅವಳ ಮನೆಯಲ್ಲಿದೆ. ಇನ್ನೊಂದರ ಬೀಜವು, ಬೂದಿಯಲ್ಲಿ ಹೊರಳಿಸಿದ್ದು, ವಿಜ್ಞಾನದ ಕೊಠಡಿಯ ಕಪಾಟಿನಲ್ಲಿ ಉಷ್ಣಮಾನದ ವಹಿಯ ಪಕ್ಕದಲ್ಲಿದೆ.

ಈ ವರ್ಷ ಗೋಣಿ ತೆಗೆಯುವ, ಹೊದಿಸುವ, ಬಾಗಿಲು ತೆರೆಯುವ ಪಾಳಿಯ ಪಟ್ಟಿಯನ್ನು ದೀಪಾವಳಿಯ ರಜೆಗೆ ಮೊದಲೇ ಅದೇ ಕೊಠಡಿಯ ಬಾಗಿಲಿಗೆ ಅಂಟಿಸುವೆವು. ವಾರದ ದಿನಗಳಿಗೆ ಹೆಸರುಗಳು ಬಂದಿವೆ. ರವಿವಾರದ ಬೆಳಗಿನ ಪಾಳಿಗೆ ಇನ್ನೂ ಇಬ್ಬರು ಬೇಕು.